ಸದ್ದು ಮಾಡಬೇಡಿ ಎಂಬ ಬೋರ್ಡು ಹಿಡಿದ ಸೊಕ್ಚೊ ಅಜ್ಜಿ

ಸೋಲ್ ನಗರದ ನಮ್ಮ ಬುಕ್‌ಚೊನ್ ಗಲ್ಲಿಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಯಾರದ್ದು ಎಂದು ಕೇಳಿದರೆ ಹೆಂಚಿನ ಮೇಲೆ ಮಲಗಿರುವ ಬೆಕ್ಕು ಕೂಡ ಸೊಕ್ಚೊ ಅಜ್ಜಿಯ ಮನೆಯ ಕಡೆ ತಿರುಗಿ ನೋಡುತ್ತದೆ. ಅಂಥ ಅಜ್ಜಿಯನ್ನು ವಾರ್ಡ್ ಆಫೀಸಿನವರು ಹುಡುಕಿಕೊಂಡು ಬಂದು, ಮೈಮೇಲೆ ಕೆಂಪು ವೆಸ್ಟ್ ಹಾಕಿಸಿ, ಕೈಗೊಂದು ಬೋರ್ಡು ಕೊಟ್ಟು ಪ್ರವಾಸಿಗರು ನುಗ್ಗುವ ಗಲ್ಲಿಯ ಏರಿನಲ್ಲಿ ನಿಲ್ಲಿಸಿದರು. ಬೋರ್ಡಿನ ಮೇಲೆ ತುಟಿಗೆ ಬೆರಳಿಟ್ಟ ಒಂದು ಗೊಂಬೆಯ ಚಿತ್ರ. ಅದರ ಕೆಳಗೆ ನಾಲ್ಕಾರು ಭಾಷೆಗಳಲ್ಲಿ ‘ಸದ್ದು ಮಾಡಬೇಡಿ, ಇಲ್ಲಿ ಜನ ವಾಸವಾಗಿದ್ದಾರೆ’ ಎಂದು ಬರೆದಿತ್ತು. ವಯಸ್ಸಾದವರಿಗೆ ಏನಾದರೂ ಕೆಲಸ ಕೊಡಬೇಕು ಎಂಬುದು ಸರ್ಕಾರದ ಆಸೆ. ಯಾರಿಗೆ ಯಾವ ಕೆಲಸ ಎಂದು ಯೋಚಿಸುವ ಆಸೆ ಅದಕ್ಕೆ ಇದ್ದಂತಿಲ್ಲ.

ನನ್ನ ಹೆಸರು ಪ್ಯೊ. ಗಲ್ಲಿಯ ಬಾಯಿಯಲ್ಲಿ ನನ್ನದೊಂದು ಹಾನ್‌ಬೊಕ್ ಬಾಡಿಗೆ ಅಂಗಡಿಯಿದೆ. ಹಾನ್‌ಬೊಕ್ ಎಂದರೆ ನಮ್ಮ ಅಜ್ಜಿಯಂದಿರು ಹಬ್ಬಕ್ಕೆ ಉಡುತ್ತಿದ್ದ ಬುಟ್ಟಿಯಂಥ ಲಂಗ, ಗೇಣುದ್ದದ ರವಿಕೆ. ಅದನ್ನು ತೊಟ್ಟವರಿಗೆ ಪಕ್ಕದ ರಾಜರ ಕಾಲದ ಅರಮನೆಯೊಳಗೆ ಟಿಕೆಟ್ ಇಲ್ಲದೆ ಪುಕ್ಕಟೆ ಪ್ರವೇಶ. ಈ ಒಂದು ನಿಯಮದಿಂದ ನನ್ನ ಸಂಸಾರ ನಡೆಯುತ್ತಿದೆ, ಇಲ್ಲದಿದ್ದರೆ ನನ್ನ ವಯಸ್ಸಿನ ಎಲ್ಲ ಗಂಡಸರಂತೆ ನಾನೂ ಎಲ್ಲೋ ಒಂದು ಮೂಲೆಯಲ್ಲಿ ಕೋಳಿ ಕರಿಯುತ್ತ ಕೂತಿರುತ್ತಿದ್ದೆ. ನನ್ನ ಲಂಗಗಳೆಲ್ಲ ಪಾಲಿಯೆಸ್ಟರ್, ಮೇಲೆ ಚಿನ್ನದ ಬಣ್ಣ. ಅದನ್ನು ತೊಟ್ಟ ಹುಡುಗಿಯರು ರಾಣಿಯರಂತೆ ಗಲ್ಲಿಯೊಳಗೆ ನುಗ್ಗಿ, ಸಿಕ್ಕಸಿಕ್ಕವರ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ.

“ಲೇ ಪ್ಯೊ, ಈ ದೆವ್ವಗಳಿಗೆಲ್ಲ ಬಟ್ಟೆ ಹಾಕಿ ನನ್ನ ಬಾಗಿಲಿಗೆ ಬಿಡ್ತೀಯಲ್ಲ, ನಿನಗೆ ಒಳ್ಳೇದಾಗತ್ತೇನೋ?” ಎಂದು ಅಜ್ಜಿ ದಿನಕ್ಕೊಂದು ಸಲವಾದರೂ ನನ್ನ ಅಂಗಡಿಗೆ ಕೇಳುವ ಹಾಗೆ ಕೂಗುತ್ತಿದ್ದಳು. ಅವಳು ತನ್ನ ಮನೆಯೊಳಗೆ ಮಾತಾಡಿದರೂ ನನ್ನ ಅಂಗಡಿಗೆ ಕೇಳುತ್ತಿತ್ತು, ಅದು ಬೇರೆ ಮಾತು.

ಒಂದು ಸಲ ಯಾರೋ ಗಂಡ ಹೆಂಡತಿ ಸೀದಾ ಅವಳ ಅಂಗಳಕ್ಕೇ ಬಂದು, ಅವಳು ಒಳಚಡ್ಡಿ ಒಗೆದು ಹಿಂಡುತ್ತಿರುವುದನ್ನು ವಿಡಿಯೊ ಮಾಡಿಕೊಳ್ಳುತ್ತ ನಿಂತಿದ್ದರಂತೆ. ಹಳೇ ಕಾಲದ ಬದುಕನ್ನು ತೋರಿಸಲು ಇಟ್ಟ ಹೆಂಗಸು ಎಂದು ತಿಳಿದಿದ್ದರು ಪಾಪ. ಅಜ್ಜಿ ಒದ್ದೆ ಚಡ್ಡಿಯನ್ನು ಅವರ ಮುಖದ ಮುಂದೆ ಕೊಡವಿ, ಟಿಕೆಟ್ ಎಲ್ಲಿ ಎಂದು ಕೇಳಿದಳು. ಆ ಗಂಡಸು ಜೇಬಿಗೆ ಕೈಹಾಕಿ ಟಿಕೆಟ್ ಹುಡುಕಿದನಂತೆ.

ಅವಳ ನಿಜವಾದ ಹೆಸರು ಮೇಂಗ್ ದಲ್ಸುನ್. ಹುಟ್ಟಿದ್ದು ಪೂರ್ವದ ಕಡಲ ತೀರದ ಸೊಕ್ಚೊದಲ್ಲಿ. ಹತ್ತು ಕಾಲಿನ ಬೊಂಡಾಸ್ ಮೀನನ್ನು ಅಲ್ಲಿ ಹಗ್ಗದ ಮೇಲೆ ಬಟ್ಟೆಯಂತೆ ಒಣಹಾಕಿ ಹಪ್ಪಳದಷ್ಟು ತೆಳ್ಳಗೆ ಮಾಡುತ್ತಾರೆ. ಅದನ್ನು ಬೇಸಿನ್ನಿನಲ್ಲಿ ತುಂಬಿ, ತಲೆಯ ಮೇಲೆ ಹೊತ್ತು, “ಬೊಂಡಾಸ್ ಬಂತೂ, ಸೊಕ್ಚೊ ಬೊಂಡಾಸ್!” ಎಂದು ಕೂಗುತ್ತ ಅವಳು ಪ್ರಾಯದಲ್ಲಿ ಈ ಗಲ್ಲಿಗೆ ಬಂದಳು. ಹೆಂಚು ಹೊದಿಸಲು ಮಾಡಿನ ಮೇಲೆ ಹತ್ತಿದ್ದವನೊಬ್ಬ ಆ ಕೂಗಿಗೆ ಕೆಳಗೆ ಬಗ್ಗಿ ನೋಡಿದ, ಜಾರಿದ, ಮದುವೆಯಾದ. ಕೊನೆಗಾಲದಲ್ಲಿ ಅವನ ಎರಡೂ ಕಿವಿ ಹೋಗಿದ್ದವು. ವಯಸ್ಸಿನಿಂದ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಗಲ್ಲಿಯಲ್ಲಿ ಯಾರೂ ನಂಬಲಿಲ್ಲ.

ಅಜ್ಜಿಯ ಆ ಗಂಟಲಿಗೆ ಎದುರು ನಿಂತವರು ಒಬ್ಬರೇ, ಮೂಲೆಮನೆಯ ಹೆಡ್‌ಮಾಸ್ಟರಮ್ಮ. ಹೆಸರು ಸಿಮ್ ಯೊನ್‌ಹಿ. ಹೆಡ್‌ಮಾಸ್ಟರಾಗಿದ್ದದ್ದು ಗಂಡ, ಆದರೆ ಬೆತ್ತ ಇವರ ಕೈಯಲ್ಲಿತ್ತು ಎಂದು ಎಲ್ಲರಿಗೂ ಗೊತ್ತು. ಬೊಂಡಾಸ್ ಬೇಸಿನ್ ಗೇಟಿನ ಮುಂದೆ ಬಂದರೆ ಸಾಕು, ಇಸ್ತ್ರಿ ಮಾಡಿದ ಉಡುಪಿನಲ್ಲಿ ಹೊರಗೆ ಬಂದು, ಒಂದು ಬೊಂಡಾಸನ್ನು ಬೆರಳ ತುದಿಯಲ್ಲಿ ಹಿಡಿದೆತ್ತಿ ಶುರುಮಾಡುತ್ತಿದ್ದರು.

“ಏಯ್ ಸೊಕ್ಚೊ, ಇದು ಬೊಂಡಾಸೋ, ಚಪ್ಪಲಿ ಅಟ್ಟೆಯೋ?”

“ಚಪ್ಪಲಿ ಅಟ್ಟೆ ಅಗಿಯೋ ಹಲ್ಲು ನಿಮಗೆಲ್ಲಿದೆ, ಬಿಡಿ ಅಮ್ಮಾ.”

“ಅರ್ಧಕ್ಕೆ ಕೊಡು.”

“ಅರ್ಧ ಕಾಲು ಕಿತ್ತು ಕೊಡ್ಲಾ?”

ಇದು ಊಟದ ಹೊತ್ತಿನವರೆಗೂ ನಡೆಯುತ್ತಿತ್ತು. ಹೆಡ್‌ಮಾಸ್ಟರಮ್ಮ ಬೊಂಡಾಸ್ ಕೊಂಡು ಒಳಗೆ ಹೋಗುವುದು, ಹೋದವರೇ ವಾರ್ಡ್ ಆಫೀಸಿಗೆ ಫೋನ್ ಮಾಡುವುದು. ‘ನಮ್ಮ ಗಲ್ಲಿಯಲ್ಲಿ ಮೇಂಗ್ ದಲ್ಸುನ್ ಎಂಬ ಹೆಂಗಸು ಗಂಟಲು ಹರಿದುಕೊಳ್ಳುತ್ತಾಳೆ, ಕ್ರಮ ತೆಗೆದುಕೊಳ್ಳಿ’ ಎಂದು ಪೂರ್ತಿ ಹೆಸರು ಹೇಳಿ ದೂರು ಕೊಡುತ್ತಿದ್ದರು. ಬಾಯಲ್ಲಿ ಅದೇ ಬೊಂಡಾಸ್ ಇರುತ್ತಿತ್ತು ಎಂದು ಅಜ್ಜಿ ಇಂದಿಗೂ ಪ್ರಮಾಣ ಮಾಡುತ್ತಾಳೆ. ಅಜ್ಜಿ ಮುದುಕಿಯಾಗಿ ವ್ಯಾಪಾರ ಬಿಟ್ಟ ಮೇಲೂ ಅವರಿಬ್ಬರೂ ಜಗಳ ಬಿಡಲಿಲ್ಲ. ಕಸದ ಚೀಲಕ್ಕೆ, ಹುಳಿ ಬರಿಸಿದ ಎಲೆಕೋಸಿನ ಕಿಮ್ಚಿಯ ವಾಸನೆಗೆ, ಯಾರ ಬಾಗಿಲಿನ ಮುಂದಿನ ಹಿಮವನ್ನು ಯಾರು ಗುಡಿಸಬೇಕೆಂಬುದಕ್ಕೆ, ಯಾವುದಕ್ಕಾದರೂ ಆದೀತು. ಅಜ್ಜಿಗೆ ವೆಸ್ಟ್ ಸಿಕ್ಕ ಹೊಸದರಲ್ಲಿ ಹೆಡ್‌ಮಾಸ್ಟರಮ್ಮ ಗೇಟಿನಲ್ಲಿ ನಿಂತು, “ಕಾಗೆನ ಕರ್ಕೊಂಡು ಬಂದು ಸಂಗೀತದ ಪರೀಕ್ಷೆಗೆ ಮೇಡಂ ಮಾಡಿದ್ದಾರೆ” ಎಂದಿದ್ದರು. ಅಜ್ಜಿ ಅದಕ್ಕೆ ತಕ್ಕ ಉತ್ತರ ಕೊಟ್ಟಳು, ಬೋರ್ಡು ಹಿಡಿದುಕೊಂಡೇ. ಇನ್ನೊಂದು ಸಲ ದನಿ ಎತ್ತಿದರೆ ವೆಸ್ಟ್ ವಾಪಸ್ ಕೊಡಬೇಕಾಗುತ್ತದೆ ಎಂದು ವಾರ್ಡ್ ಆಫೀಸಿನ ನೋ ಎಂಬ ಹುಡುಗ ಅಧಿಕಾರಿ ಅಂದೇ ಎಚ್ಚರಿಸಿ ಹೋದ.

ಅಜ್ಜಿಗೆ ಆ ವೆಸ್ಟ್ ಎಂದರೆ ಪ್ರಾಣ. ಬೆನ್ನ ಮೇಲೆ ಸರ್ಕಾರದ ಅಕ್ಷರಗಳಿದ್ದವಲ್ಲ. ಸ್ನಾನದ ಮನೆಗೆ ಹೋಗುವಾಗಲೂ ಹಾಕಿಕೊಳ್ಳುತ್ತಿದ್ದಳು.

ಆಮೇಲೆ ಹೆಡ್‌ಮಾಸ್ಟರಮ್ಮನಿಗೆ ಮರೆವು ಹಿಡಿಯಿತು. ಮೊದಲು ಬೀಗದ ಕೈ ಮರೆತರು, ಆಮೇಲೆ ಮಗನ ಕೆಲಸ, ಸೊಸೆಯ ಹೆಸರು. ಒಂದು ಬೆಳಿಗ್ಗೆ ಅಜ್ಜಿ ಬೇಕೆಂದೇ ಅವರ ಗೇಟಿನ ಮುಂದೆ ಜೋರಾಗಿ ಕೆಮ್ಮಿದಳು. ಹೆಡ್‌ಮಾಸ್ಟರಮ್ಮ ಹೊರಗೆ ಬಂದು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, “ತಾವು ಯಾರು ಅಂತ ತಿಳೀಲಿಲ್ಲ” ಎಂದರು.

ಅಜ್ಜಿ ನನ್ನ ಅಂಗಡಿಗೆ ಬಂದು ಲಂಗಗಳ ರಾಶಿಯ ಮೇಲೆ ಕುಸಿದಳು. “ನನಗೆ ‘ತಾವು’ ಅಂದ್ಲು ಕಣೋ ಪ್ಯೊ” ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಇಷ್ಟು ವರ್ಷ ‘ಏಯ್’ ಅನ್ನಿಸ್ಕೊಂಡಿದ್ದೀನಿ, ಈಗ ತಾವಂತೆ! ಇನ್ನು ನಾನು ಯಾರ ಹತ್ರ ಜಗಳ ಆಡ್ಲಿ? ನಿನ್ನ ಹತ್ರಾನಾ? ಎರಡು ಮಾತಿಗೆ ಅಳೋ ಮುಸುಡಿ ನಿಂದು.”

ನನಗೆ ಕೋಪ ಬಂತು. ಅವಳು ನಿಜವಾಗಿ ಅಳುತ್ತಿದ್ದಳು, ಹಾಗಾಗಿ ಕಣ್ಣೊರೆಸಿಕೊಳ್ಳಲು ಒಂದು ರವಿಕೆ ಎಳೆದು ಕೊಟ್ಟೆ.

ಇಷ್ಟಾದ ಮೇಲೆ ಶರತ್ಕಾಲ ಬಂತು. ಗಿಂಕ್ಗೊ ಮರದ ಹಣ್ಣು ಉದುರಿ ಬೀದಿಯೆಲ್ಲ ಕೊಳಚೆ ವಾಸನೆ ಹೊಡೆಯುವ, ಆದರೂ ಊರಿಗೆ ಊರೇ ಹಳದಿ ಎಲೆಯ ಫೋಟೊಕ್ಕೆಂದು ನಮ್ಮ ಗಲ್ಲಿಗೆ ಬೀಳುವ ಕಾಲ. ಒಂದು ಶನಿವಾರ ಮಧ್ಯಾಹ್ನ ನನ್ನ ಅಂಗಡಿ ತುಂಬಿ ತುಳುಕುತ್ತಿತ್ತು. ಹೆಡ್‌ಮಾಸ್ಟರಮ್ಮನ ಸೊಸೆ ಮಿಗ್ಯೊಂಗ್ ಏದುಸಿರು ಬಿಡುತ್ತ ಒಳಗೆ ಬಂದಳು.

“ಅಣ್ಣಾ, ಅತ್ತೆ ಕಾಣಿಸ್ತಿಲ್ಲ! ನಾನು ಬಚ್ಚಲಿಗೆ ಹೋಗಿ ಬರೋದ್ರೊಳಗೆ ಹೊರಟುಹೋಗಿದ್ದಾರೆ.”

“ಏನು ಉಟ್ಟಿದ್ರು?”

“ಅರವತ್ತರ ಹುಟ್ಟುಹಬ್ಬಕ್ಕೆ ಹೊಲಿಸಿದ ಹಾನ್‌ಬೊಕ್. ಗುಲಾಬಿ ರವಿಕೆ, ಹಸಿರು ಲಂಗ. ಬೆಳಿಗ್ಗೆಯಿಂದ ಅದೇ ಬೇಕು ಅಂತ ಹಟ ಹಿಡಿದಿದ್ರು.”

ನಾನು ಸುತ್ತ ನೋಡಿದೆ. ಅಂಗಡಿಯಲ್ಲಿದ್ದ ಅರ್ಧ ಜನ ಗುಲಾಬಿ ರವಿಕೆ, ಹಸಿರು ಲಂಗದಲ್ಲಿದ್ದರು. ಆ ವರ್ಷ ಟಿವಿಯಲ್ಲಿ ಯಾವಳೋ ರಾಣಿ ಅದನ್ನೇ ಉಟ್ಟಿದ್ದಳಂತೆ. ಎಲ್ಲರಿಗೂ ಅದೇ ಬೇಕಾಗಿ ನಾನು ಮೂಟೆಗಟ್ಟಲೆ ತರಿಸಿದ್ದೆ.

ಅಂಗಡಿಗೆ ಬಾಗಿಲೆಳೆದು ಇಬ್ಬರೂ ಏರು ಹತ್ತಿ ಸೊಕ್ಚೊ ಅಜ್ಜಿಯ ಬಳಿ ಓಡಿದೆವು. ಅವಳು ಬೋರ್ಡು ಹಿಡಿದು ನಿಂತಿದ್ದಳು. ವಿಷಯ ಕೇಳಿದವಳೇ ಮುಖ ಬಿಳುಚಿಕೊಂಡಳು.

“ಅಯ್ಯೋ ಕರ್ಮವೇ! ಈಗ ತಾನೇ ಒಂದು ಹುಡುಗೀರ ಹಿಂಡು ಕಿಲಕಿಲ ಅಂತ ಇಳಿದು ಅರಮನೆ ಕಡೆ ಹೋಯ್ತು. ಮಧ್ಯದಲ್ಲಿ ಒಂದು ಮುದುಕಿ. ಹುಡುಗೀರು ಅದರ ಕೈ ಹಿಡ್ಕೊಂಡು ಫೋಟೊ ತೆಕ್ಕೊಳ್ತಾ ಇದ್ರು. ನಾನು ಬೆನ್ನು ಮಾತ್ರ ನೋಡಿದ್ದು. ಯಾವುದೋ ಟೂರಿನ ಮುದುಕಿ ಅಂದ್ಕೊಂಡು ಬೋರ್ಡು ಬೇರೆ ತೋರಿಸಿದೆ ಕಣೋ!”

ಅರಮನೆ ನಮ್ಮ ಗಲ್ಲಿಯಿಂದ ಕೂಗಳತೆ, ಅಂದರೆ ಅಜ್ಜಿಯ ಕೂಗಳತೆ. ಅಷ್ಟು ಹತ್ತಿರದಲ್ಲಿ ಜೀವನವೆಲ್ಲ ಕಳೆದರೂ ಅವಳು ಒಮ್ಮೆಯೂ ಅದರೊಳಗೆ ಕಾಲಿಟ್ಟವಳಲ್ಲ. ಸತ್ತವರ ಮನೆ ನೋಡಲು ಬದುಕಿದ್ದವರು ಯಾಕೆ ಹೋಗಬೇಕು, ಆ ರಾಜರಲ್ಲಿ ಒಬ್ಬನಾದರೂ ನನ್ನ ಹತ್ತಿರ ಒಂದು ಬೊಂಡಾಸ್ ಕೊಂಡಿದ್ದಾನಾ ಎಂದು ಕೇಳುತ್ತಿದ್ದಳು. ಈಗ ನಮಗಿಂತ ಮುಂದೆ ಅವಳೇ ಓಡಿದಳು.

ಬಾಗಿಲಲ್ಲಿ ವಿಚಾರಿಸಿದೆವು. ಗುಲಾಬಿ ರವಿಕೆಯ ಮುದುಕಿಯೊಬ್ಬರು ಒಳಗೆ ಹೋದರಾ ಎಂದರೆ, ಅಲ್ಲಿದ್ದವನು ನಮ್ಮ ಬೆನ್ನ ಹಿಂದಿನ ಸಾಲನ್ನು ತೋರಿಸಿದ. ಹಾನ್‌ಬೊಕ್ ಹಾಕಿದವರನ್ನೆಲ್ಲ ಒಳಗೆ ಬಿಡುವುದು ಅವನ ಕೆಲಸ, ಮುಖ ನೋಡುತ್ತ ಕೂತರೆ ಸಾಲು ಸೋಲ್ ನಗರದಾಚೆ ಹೋಗುತ್ತದೆ. ಆದರೂ ಪುಣ್ಯಾತ್ಮ ಒಳಗೆ ಹೇಳಿ ಮೈಕಿನಲ್ಲಿ ಕೂಗಿಸಿದ. ‘ಗುಲಾಬಿ ರವಿಕೆ, ಹಸಿರು ಲಂಗ ತೊಟ್ಟ ಹಿರಿಯ ಮಹಿಳೆ ಕಂಡರೆ ತಿಳಿಸಿ’ ಎಂದು ಮೈಕು ಹೇಳಿದ್ದೇ ತಡ, ಸಿಂಹಾಸನದ ಅಂಗಳದಲ್ಲಿದ್ದವರೆಲ್ಲ ಬಗ್ಗಿ ತಮ್ಮ ತಮ್ಮ ಲಂಗ ನೋಡಿಕೊಂಡರು.

ಆ ಅಂಗಳದಲ್ಲಿ ಹಿಂದೆ ಮಂತ್ರಿಗಳು ಅವರವರ ದರ್ಜೆಯ ಪ್ರಕಾರ ನಿಲ್ಲಲು ನೆಟ್ಟ ಕಲ್ಲುಗಳಿವೆ. ಅಂದು ಅಲ್ಲಿ ಕಲ್ಲಿಗೊಬ್ಬಳಂತೆ ಗುಲಾಬಿ ರವಿಕೆಯವರು ನಿಂತಿದ್ದರು. ಸೊಕ್ಚೊ ಅಜ್ಜಿ ಒಬ್ಬೊಬ್ಬರ ಭುಜ ಹಿಡಿದು ತಿರುಗಿಸುತ್ತ ಹೋದಳು. ಜಪಾನಿನವಳು, ಬುಸಾನಿನವಳು, ಯಾವ ದೇಶವೋ ತಿಳಿಯದವಳು. ಒಬ್ಬಳು ತಿರುಗಿದಾಗ ಗಡ್ಡವಿತ್ತು.

“ನಿನಗೇನು ಬಂತೋ ರೋಗ?” ಎಂದು ಅವನನ್ನು ಬೈದು, ಮತ್ತೆ ನನ್ನ ಕಡೆ ತಿರುಗಿದಳು. “ಎಲ್ಲಾ ನಿನ್ನ ಪಾಪದ ಬಟ್ಟೆ ಕಣೋ!”

ನಿಜ, ಅರ್ಧಕ್ಕರ್ಧ ನನ್ನ ಅಂಗಡಿಯ ಬಟ್ಟೆಯೇ. ಆ ಗಡ್ಡದವನದ್ದೂ.

ಸೂರ್ಯ ಬೆಟ್ಟದ ಕಡೆ ವಾಲುತ್ತಿದ್ದ. ಬಾಗಿಲು ಮುಚ್ಚುವ ಹೊತ್ತು ಹತ್ತಿರವಾಗಿತ್ತು, ಗಾಳಿಯಲ್ಲಿ ಚಳಿ ಹುಟ್ಟಿತ್ತು. ಅರಮನೆಯಲ್ಲಿ ಎರಡು ಕೊಳಗಳಿವೆ, ಎರಡೂ ಆಳ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮಿಗ್ಯೊಂಗ್ ನೀರಿನ ಕಡೆಗೇ ನೋಡುತ್ತಿದ್ದಳು. ನಾನೂ ನೋಡಿದೆ. ಬಾಲ್ಯದಲ್ಲಿ ನನಗೆ ಕಿವಿ ಹಿಂಡಿ ಮಗ್ಗಿ ಕಲಿಸಿದ ಹೆಂಗಸು ಹೆಡ್‌ಮಾಸ್ಟರಮ್ಮ.

“ಅಜ್ಜಿ, ಕೂಗಿ ನೋಡಿ” ಎಂದೆ.

“ಏನಂತ ಕೂಗ್ಲಿ? ಅವಳ ಹೆಸರು ಅವಳಿಗೇ ಗೊತ್ತಿಲ್ಲ.”

“ನೀವು ಕೂಗ್ತಿದ್ದ ಹಾಗೇ ಕೂಗಿ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಎದೆಯ ಮೇಲಿನ ಕೆಂಪು ಬಟ್ಟೆ ನೋಡಿಕೊಂಡಳು. “ವೆಸ್ಟ್ ಹಾಕ್ಕೊಂಡಿದ್ದೀನಿ ಕಣೋ” ಎಂದಳು. ಆಮೇಲೆ ಅದನ್ನು ಬಿಚ್ಚಿ ಬೋರ್ಡಿನ ಜೊತೆ ನನ್ನ ಕೈಗೆ ತುರುಕಿದಳು. “ಹಿಡ್ಕೋ. ಮಣ್ಣು ಮಾಡ್ಬೇಡ.”

ಸೊಂಟದ ಮೇಲೆ ಕೈಯಿಟ್ಟು, ಕತ್ತೆತ್ತಿ ಅವಳು ಕೂಗಿದಳು.

“ಬೊಂಡಾಸ್ ಬಂತೂ! ಸೊಕ್ಚೊ ಬೊಂಡಾಸ್!”

ಮಾಡಿನ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಹಾರಿದವು. ಅರಮನೆಯ ಕಾವಲುಗಾರನ ವೇಷ ಹಾಕಿ ಕಣ್ಣು ಮಿಟುಕಿಸದೆ ನಿಲ್ಲುವ ಹುಡುಗನೊಬ್ಬ ಎರಡು ಹೆಜ್ಜೆ ಹಿಂದೆ ಸರಿದ, ಅವನ ಅಂಟು ಮೀಸೆ ಒಂದು ಕಡೆ ಕಿತ್ತು ಬಂತು. ಸಾವಿರ ಜನರ ಗದ್ದಲ ತಟ್ಟನೆ ನಿಂತುಹೋಯಿತು. ಇಷ್ಟು ದಿನ ಬೋರ್ಡು ಹಿಡಿದು ಅವಳು ಮಾಡಲಾಗದ್ದು ಒಂದೇ ಕೂಗಿಗೆ ಆಗಿಹೋಯಿತು.

ಅಜ್ಜಿ ನಡೆಯತೊಡಗಿದಳು. ತಲೆಯ ಮೇಲೆ ಬೇಸಿನ್ ಇದ್ದಾಗ ನಡೆಯುತ್ತಿದ್ದ ಹಾಗೆ ಕತ್ತು ನೆಟ್ಟಗೆ, ಕೈ ಬೀಸಿಕೊಂಡು, ರಾಜರ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತ, ನಮ್ಮ ಗಲ್ಲಿಯ ಗೇಟುಗಳ ಮುಂದೆ ನಿಂತಂತೆ ಪ್ರತಿ ಬಾಗಿಲಲ್ಲೂ ನಿಂತು ಕೂಗಿದಳು. ರಾಜನ ಕೋಣೆಯಿಂದ ಉತ್ತರ ಬರಲಿಲ್ಲ, ರಾಣಿಯ ಕೋಣೆಯಿಂದಲೂ ಬರಲಿಲ್ಲ. ಆಚೆ, ರಾಜಮಾತೆಯ ಮನೆಯ ಹೂವಿನ ಚಿತ್ತಾರದ ಇಟ್ಟಿಗೆ ಗೋಡೆಯ ಹಿಂದಿನಿಂದ, ಬೆತ್ತ ಬೀಸಿದಂಥ ದನಿಯೊಂದು ಬಂತು.

“ಏಯ್ ಸೊಕ್ಚೊ! ಇದು ಬೊಂಡಾಸೋ, ಚಪ್ಪಲಿ ಅಟ್ಟೆಯೋ?”

ಮಿಗ್ಯೊಂಗ್ ನನ್ನ ತೋಳು ಹಿಡಿದುಕೊಂಡಳು. ನಾವು ಓಡಿದೆವು.

ಯಾರೂ ಹತ್ತಬಾರದ ರಾಜಮಾತೆಯ ಜಗಲಿಯ ಮೇಲೆ ಹೆಡ್‌ಮಾಸ್ಟರಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಚಪ್ಪಲಿ ಬಿಚ್ಚಿ, ಎರಡನ್ನೂ ಹೊರಮುಖವಾಗಿ ತಿರುಗಿಸಿ, ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಇಟ್ಟಿದ್ದರು. ಅಂಗಳಕ್ಕೆ ಬಂದವರನ್ನೆಲ್ಲ, “ಇದು ಜನ ವಾಸ ಮಾಡೋ ಮನೆ, ಹೀಗೆ ನುಗ್ತಾರಾ?” ಎಂದು ಗದರಿಸಿ ಓಡಿಸಿದ್ದರು. ಇದೇನೋ ನಾಟಕ ಎಂದುಕೊಂಡು ಒಂದಷ್ಟು ಜನ ದೂರದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇಳಿಯಿರಿ ಎಂದು ಕೇಳಿಕೊಳ್ಳಲು ಬಂದ ಸಿಬ್ಬಂದಿಯವನಿಗೆ ಅಂಗಳ ಗುಡಿಸಲು ಹೇಳಿದ್ದರು. ಅವನು ಹೆದರಿ ಪೊರಕೆ ಹುಡುಕುತ್ತಿದ್ದ.

ಸೊಕ್ಚೊ ಅಜ್ಜಿ ಜಗಲಿಯ ಮುಂದೆ ನಿಂತಳು. ಉಸಿರು ಸಿಗುತ್ತಿರಲಿಲ್ಲ, ಆದರೂ ಬಾಯಿ ಸೋಲಲಿಲ್ಲ.

“ಚಪ್ಪಲಿ ಅಟ್ಟೆ ಅಗಿಯೋ ಹಲ್ಲು ನಿಮಗೆಲ್ಲಿದೆ, ಬಿಡಿ ಅಮ್ಮಾ.”

“ಅರ್ಧಕ್ಕೆ ಕೊಡು.”

ಅಷ್ಟು ವರ್ಷದ ವ್ಯಾಪಾರದಲ್ಲಿ ಒಂದು ಕಾಸೂ ಬಿಡದ ಅಜ್ಜಿ, “ತಗೊಳ್ಳಿ ಅಮ್ಮಾ, ಇವತ್ತು ಸುಮ್ನೆ ತಗೊಳ್ಳಿ” ಎಂದುಬಿಟ್ಟಳು.

ಹೆಡ್‌ಮಾಸ್ಟರಮ್ಮನ ಹುಬ್ಬು ಮೇಲೇರಿತು. “ಸುಮ್ನೆನಾ? ಹಾಗಾದ್ರೆ ಹುಳ ಬಿದ್ದಿರಬೇಕು. ಬೇಡ, ಹೋಗು.”

“ಹುಳ ನಿಮ್ಮ ತಲೇಲಿ ಬಿದ್ದಿದೆ!” ಎಂದು ಅಜ್ಜಿ ಕಿರುಚಿದಳು. ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು. “ಪೂರ್ತಿ ಬೆಲೆ! ಒಂದು ಕಾಸೂ ಬಿಡಲ್ಲ! ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಮುಂದಿನ ಮನೆಗೆ ಹೋಗ್ತೀನಿ.”

“ಹಾಂ, ಹಾಗೆ ಹೇಳು.” ಹೆಡ್‌ಮಾಸ್ಟರಮ್ಮ ಸಮಾಧಾನದಿಂದ ಚಪ್ಪಲಿ ಮೆಟ್ಟಿದರು. “ದುಡ್ಡು ಮನೇಲಿದೆ, ಬಾ. ಈ ಹುಡುಗಿ ಯಾಕೆ ಹೀಗೆ ಅಳ್ತಾ ನಿಂತಿದ್ದಾಳೆ? ನಿನ್ನ ಸೊಸೇನಾ? ಹೊಟ್ಟೆಗೆ ಸರಿಯಾಗಿ ಹಾಕು ಅವಳಿಗೆ.”

ಮಿಗ್ಯೊಂಗ್ ಅಳುತ್ತಲೇ ನಕ್ಕಳು. ದಾರಿಯುದ್ದಕ್ಕೂ ಇಬ್ಬರು ಮುದುಕಿಯರೂ ಚೌಕಾಶಿ ಮಾಡಿಕೊಂಡೇ ನಡೆದರು. ಮನೆಯ ಗೇಟು ದಾಟಿ ಒಳಗೆ ಹೋದ ಹೆಡ್‌ಮಾಸ್ಟರಮ್ಮ ಹಿಂತಿರುಗಿ ನೋಡಿ, ಸೊಂಟ ಬಗ್ಗಿಸಿ, “ಕರ್ಕೊಂಡು ಬಂದ್ರಿ, ಬಹಳ ಉಪಕಾರವಾಯ್ತು. ತಾವು ಯಾರು?” ಎಂದರು.

ಸೊಕ್ಚೊ ಅಜ್ಜಿ ಗೇಟನ್ನು ಎಳೆದು ಮುಚ್ಚಿದಳು. ನನ್ನ ಕೈಯಿಂದ ವೆಸ್ಟ್, ಬೋರ್ಡು ಕಿತ್ತುಕೊಂಡು ಮನೆಗೆ ಹೋದಳು.

ಆದರೆ ಮರುದಿನ ಕೆಲಸದ ಹೊತ್ತು ಮುಗಿಯುತ್ತಲೇ ಅವಳು ವೆಸ್ಟನ್ನು ನನ್ನ ಅಂಗಡಿಯ ಮೊಳೆಗೆ ನೇತುಹಾಕಿ, ಬೋರ್ಡನ್ನು ಗೋಡೆಗೊರಗಿಸಿ, ಎಲ್ಲಿಂದಲೋ ಹಳೇ ಬೇಸಿನ್ ಹುಡುಕಿ ತಂದು, ಮಾರ್ಕೆಟ್ಟಿನಿಂದ ಒಂದು ಬೊಂಡಾಸ್ ಕೊಂಡು ಅದರಲ್ಲಿ ಹಾಕಿ, ಮೂಲೆಮನೆಯ ಗೇಟಿನ ಮುಂದೆ ನಿಂತು ಕೂಗಿದಳು. ಅದರ ಮರುದಿನವೂ ಕೂಗಿದಳು. ದಿನವೂ ಕೂಗಿದಳು. ಹೆಡ್‌ಮಾಸ್ಟರಮ್ಮ ಬರುವರು, ಅಟ್ಟೆ, ಹಲ್ಲು, ಅರ್ಧ ಬೆಲೆ ಎಲ್ಲವೂ ನಡೆಯುವುದು, ಮುಗಿದ ಮೇಲೆ ತಾವು ಯಾರು ಎನ್ನುವರು. ಹಗಲೆಲ್ಲ ತುಟಿಗೆ ಬೆರಳಿಟ್ಟ ಬೋರ್ಡು ಹಿಡಿದಿದ್ದ ಹೆಂಗಸೇ ಸಂಜೆ ಹೀಗೆ ಕೂಗುವುದನ್ನು ಕಂಡು ಪ್ರವಾಸಿಗರು ಕಕ್ಕಾಬಿಕ್ಕಿಯಾಗುತ್ತಿದ್ದರು. ಗಲ್ಲಿಯವರು ಯಾರೂ ಚಕಾರ ಎತ್ತಲಿಲ್ಲ. ಎತ್ತಿದ್ದರೆ ನಾನೇ ಅವರ ಮನೆಗೆ ಹೋಗಿ ಬೈದು ಬರುತ್ತಿದ್ದೆ.

ಹಿಮ ಬೀಳುವ ಮೊದಲು ಒಂದು ಸಂಜೆ ವಾರ್ಡ್ ಆಫೀಸಿನ ನೋ ಬಂದ. ಅಜ್ಜಿ ನನ್ನ ಅಂಗಡಿಯ ಮುಂದೆ ಬೇಸಿನ್ ಒರೆಸುತ್ತ ಕೂತಿದ್ದಳು. ಅವನು ಬೂಟಿನ ತುದಿ ನೋಡುತ್ತ ನಿಂತ.

“ಅಜ್ಜಿ, ಅರಮನೇಲಿ ಕೂಗಿದ್ದನ್ನ ನಾವು ಕೇಳ್ಲೇ ಇಲ್ಲ ಅಂದ್ಕೊಂಡ್ವಿ. ಆದ್ರೆ ಈಗ ದೂರು ಬಂದಿದೆ. ಗಲ್ಲಿ ಒಳಗಿಂದಾನೇ ಬಂದಿದೆ.”

“ಯಾರವನು?” ಎಂದು ಅಜ್ಜಿ ಎದ್ದಳು. “ಯಾವ ಮನೆಹಾಳ? ಕಾಫಿ ಅಂಗಡಿಯವನಾ? ಹೆಸರು ಹೇಳು, ಅವನ ಮನೆ ಹೆಂಚು ಹಾರಿಹೋಗೋ ಹಾಗೆ ಕೂಗ್ತೀನಿ!”

“ಗಂಡಸಲ್ಲ, ವಯಸ್ಸಾದ ಹೆಂಗಸು. ಫೋನ್ ಮಾಡಿದ್ರು. ‘ಮೂಲೆಮನೆ ಸಿಮ್ ಯೊನ್‌ಹಿ ಮಾತಾಡೋದು. ನಮ್ಮ ಗಲ್ಲೀಲಿ ಮೇಂಗ್ ದಲ್ಸುನ್ ಅನ್ನೋ ಹೆಂಗಸು ಗಂಟಲು ಹರ್ಕೊಳ್ತಾಳೆ, ಕ್ರಮ ತಗೊಳ್ಳಿ’ ಅಂದ್ರು.”

ಅಜ್ಜಿ ಬೇಸಿನ್ನನ್ನು ಮೆಲ್ಲಗೆ ಕೆಳಗಿಟ್ಟಳು.

“ಹೆಸರು ಹೇಳಿದ್ಲಾ?” ಎಂದಳು.

“ಹೇಳಿದ್ರು.”

“ಬರೀ ಸೊಕ್ಚೊ ಅಂತಲಾ, ಪೂರ್ತೀನಾ?”

“ಪೂರ್ತಿ ಹೇಳಿದ್ರು ಅಜ್ಜಿ. ಎರಡು ಸಲ.”

ಅಜ್ಜಿ ಒಳಗೆ ಬಂದು ಮೊಳೆಯಿಂದ ವೆಸ್ಟ್ ತೆಗೆದಳು. ತೊಡೆಯ ಮೇಲಿಟ್ಟು ಅಂಗೈಯಿಂದ ಸುಕ್ಕು ತೀಡಿ, ಮಡಿಸಿ, ಆ ಹುಡುಗನ ಕೈಗೆ ಕೊಟ್ಟಳು. ಅವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ತಗೋ ಮಗಾ. ಇನ್ಮೇಲೆ ದಿನಾ ಫೋನ್ ಬರತ್ತೆ. ಬಂದಾಗೆಲ್ಲ ಎತ್ತಬೇಕು, ಕೇಳಿಸ್ತಾ? ಕ್ರಮ ತಗೊಳ್ತೀವಿ ಅಮ್ಮಾ ಅಂತ ಹೇಳ್ಬೇಕು.”

“ಆಗ್ಲಿ ಅಜ್ಜಿ” ಎಂದ ನೋ.

ಅವಳು ಬೇಸಿನ್ ಎತ್ತಿ ತಲೆಯ ಮೇಲಿಟ್ಟುಕೊಂಡು ಮೂಲೆಮನೆಯ ಕಡೆ ಹೊರಟಳು. ಬೋರ್ಡು ನನ್ನ ಅಂಗಡಿಯಲ್ಲೇ ಉಳಿಯಿತು.